ಶ್ವೇತಭವನದ ಮೆಟ್ಟಿಲು ಹತ್ತುವ ಮುನ್ನ ಗಲ್ಲಾಪೆಟ್ಟಿಗೆ ಬಿಡಬೇಕೇ?

ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದವರು ತಮ್ಮ ಖಾಸಗಿ ವ್ಯಾಪಾರ ಮತ್ತು ಷೇರುಗಳನ್ನು ಮಾರಿಯೇ ಅಧಿಕಾರ ವಹಿಸಿಕೊಳ್ಳಬೇಕು ಎಂಬ ಕಾನೂನು ಬೇಕೇ? ಅಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರ ಎರಡು ಉತ್ತರಗಳು ಇಲ್ಲಿವೆ.

ಪರ: ಗುಮಾಸ್ತೆಗೆ ಇರುವ ಕಾನೂನು ಯಜಮಾನರಿಗೆ ಏಕಿಲ್ಲ?

ಅಮೆರಿಕದ ಫೆಡರಲ್ ಕಾನೂನಿನ 18ನೇ ಸಂಪುಟದಲ್ಲಿ 208ನೇ ಕಲಂ ಎಂಬುದೊಂದಿದೆ. 1962ರಲ್ಲಿ, ಕೆನಡಿಯವರ ಕಾಲದಲ್ಲಿ ಬಂದದ್ದು. ಸರ್ಕಾರಿ ನೌಕರರಿಗೆ, ಅವರ ಗಂಡ ಅಥವಾ ಹೆಂಡತಿಗೆ, ವಯಸ್ಸಿಗೆ ಬಾರದ ಮಕ್ಕಳಿಗೆ ಯಾವ ವಿಷಯದಲ್ಲಿ ಹಣದ ಲಾಭ-ನಷ್ಟವಿದೆಯೋ ಆ ವಿಷಯದ ಕಡತವನ್ನು ಆ ನೌಕರರು ಮುಟ್ಟುವಂತಿಲ್ಲ. ಗೊತ್ತಿದ್ದೂ ಮುಟ್ಟಿದರೆ ಐದು ವರ್ಷದವರೆಗೆ ಜೈಲು. ನಾನು ಅಂಥ ಒಬ್ಬ ನೌಕರಳು. ಒಂದು ಫೆಡರಲ್ ನಿಯಂತ್ರಣ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ. ನನ್ನ ಸಹಿಯಿಂದ ಯಾವ ಕಂಪನಿಯೂ ಉದ್ಧಾರವಾಗುವುದಿಲ್ಲ, ಮುಳುಗುವುದೂ ಇಲ್ಲ. ಆದರೂ ಸೇರಿದ ಹೊಸತರಲ್ಲೇ ನೈತಿಕತಾ ವಿಭಾಗದಿಂದ ಪತ್ರ ಬಂತು. ಪತಿ ಹಿಂದೆ ದುಡಿದಿದ್ದ ಕಂಪನಿಯ ಒಂದಷ್ಟು ಷೇರುಗಳು ಅವರ ಖಾತೆಯಲ್ಲಿದ್ದವು. ಮಾರಿ ಎಂದರು, ಮಾರಿದೆವು. ಬೇರೆ ಇಲಾಖೆಗಳಲ್ಲಿ ಷೇರಿನ ಮೌಲ್ಯ 15,000 ಡಾಲರ್ ಮೀರದಿದ್ದರೆ ಮಾಫಿ ಉಂಟು. ನನ್ನಂತೆ ವರ್ಷವರ್ಷ ಆಸ್ತಿಯ ಫಾರಂ ತುಂಬುವವರಿಗೆ ನಮ್ಮಲ್ಲಿ ಅದೂ ಇಲ್ಲ. ಆ ಷೇರಿನ ಬೆಲೆ ಆಮೇಲೆ ಏರಿದ್ದನ್ನು ಪತಿ ಈಗಲೂ ಊಟದ ಹೊತ್ತಿನಲ್ಲಿ ನೆನಪಿಸುತ್ತಾರೆ. ನನಗೆ ಅದರ ಬೇಸರವಿಲ್ಲ. ಜನರ ದುಡ್ಡಿನಲ್ಲಿ ಸಂಬಳ ಎಣಿಸುವವರಿಗೆ ಇಷ್ಟಾದರೂ ಬಿಗಿ ಇರಬೇಕು.

ಬೇಸರ ಇರುವುದು ಅದೇ ಸಂಪುಟದ 202ನೇ ಕಲಮಿನ ಮೇಲೆ. 1989ರಲ್ಲಿ ಅದಕ್ಕೊಂದು ಉಪಕಲಂ ಸೇರಿಸಿ, 208ರಲ್ಲಿ ಹೇಳಿದ ಅಧಿಕಾರಿಗಳ, ನೌಕರರ ಸಾಲಿನಿಂದ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಹೊರಗಿಟ್ಟರು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ತಮ್ಮನ್ನೂ ಹೊರಗಿಟ್ಟುಕೊಂಡರು. ಆ ಜಗಳ ಇನ್ನೊಂದು ದಿನಕ್ಕಿರಲಿ. ಇದರ ಬೇರು 1974ರಲ್ಲಿದೆ. ನಿಕ್ಸನ್ ರಾಜೀನಾಮೆ ಕೊಟ್ಟು ಹೋದ ಮೇಲೆ ಫೋರ್ಡ್ ಅಧ್ಯಕ್ಷರಾದರು, ಖಾಲಿಯಾದ ಉಪಾಧ್ಯಕ್ಷ ಸ್ಥಾನಕ್ಕೆ ನೆಲ್ಸನ್ ರಾಕ್‌ಫೆಲರ್ ಹೆಸರು ಬಂತು. ಎಣ್ಣೆ, ಬ್ಯಾಂಕು, ಕಟ್ಟಡ ಎಂದು ಆ ಮನೆತನದ ಹಣ ಹೊಕ್ಕಿರದ ಮೂಲೆ ಇರಲಿಲ್ಲ. ಇವರು ಯಾವ ಕಡತ ಮುಟ್ಟಿದರೂ ಸ್ವಂತ ಹಣದ ವಾಸನೆ ಬರುತ್ತದಲ್ಲ ಎಂಬ ಪ್ರಶ್ನೆ ಎದ್ದಾಗ ನ್ಯಾಯ ಇಲಾಖೆಯ ಲಾರೆನ್ಸ್ ಸಿಲ್ಬರ್‌ಮನ್ ಸೆನೆಟ್ ಸಮಿತಿಗೆ ಪತ್ರ ಬರೆದರು. ಆ ಕಾನೂನು ಅಧ್ಯಕ್ಷ, ಉಪಾಧ್ಯಕ್ಷರಿಗೆ ಅನ್ವಯಿಸುವುದಿಲ್ಲ, ಸಂವಿಧಾನ ವಹಿಸಿದ ಕರ್ತವ್ಯದಿಂದ ಅವರು ಹಿಂದೆ ಸರಿಯಲಾಗದು ಎಂಬುದು ಅದರ ಸಾರ. ಹದಿನೈದು ವರ್ಷಗಳ ನಂತರ ಅದೇ ಅಭಿಪ್ರಾಯ ಕಾನೂನಾಯಿತು.

ಒಪ್ಪೋಣ, ಅಧ್ಯಕ್ಷರು ಕಡತದಿಂದ ದೂರ ನಿಲ್ಲಲಾರರು. ನನ್ನ ಮೇಜಿನ ಕಡತವನ್ನು ಪಕ್ಕದ ಮೇಜಿಗೆ ದಾಟಿಸಬಹುದು, ಅವರ ಮೇಜಿನ ಪಕ್ಕ ಇನ್ನೊಂದು ಮೇಜಿಲ್ಲ. ಹಾಗಿದ್ದರೆ ದೂರ ಇಡಬೇಕಾದದ್ದು ಷೇರನ್ನು. ಸಿಲ್ಬರ್‌ಮನ್ ಪತ್ರವನ್ನು ನಾನು ಎಷ್ಟು ಸಲ ಓದಿದರೂ ಅದು ನನಗೆ ಕಾಣುವುದು ಮಾರಾಟದ ಪರವಾದ ವಾದವಾಗಿಯೇ.

ಕಾನೂನು ಇಲ್ಲದಿದ್ದರೂ ನಾಚಿಕೆ ಇತ್ತು. ಲಿಂಡನ್ ಜಾನ್ಸನ್ ಟೆಕ್ಸಸ್‌ನ ತಮ್ಮ ಕುಟುಂಬದ ಪ್ರಸಾರ ಕಂಪನಿಯನ್ನು ಟ್ರಸ್ಟಿಗೆ ವಹಿಸಿದರು. ಕಾರ್ಟರ್ ಕಡಲೆಕಾಯಿ ಗೋದಾಮನ್ನು ವಹಿಸಿದರು. ರೇಗನ್, ಇಬ್ಬರು ಬುಷ್, ಕ್ಲಿಂಟನ್ ತಮ್ಮ ಹೂಡಿಕೆಯ ಲೆಕ್ಕ ತಮಗೇ ಕಾಣದ ಟ್ರಸ್ಟುಗಳನ್ನು ಮಾಡಿಕೊಂಡರು. ಒಬಾಮ ಸರ್ಕಾರಿ ಬಾಂಡು ಮತ್ತು ಸೂಚ್ಯಂಕ ನಿಧಿಗಳಲ್ಲಿ ಹಣ ಇಟ್ಟರು. ಆಮೇಲೆ ಬಂದವರು ಡೊನಾಲ್ಡ್ ಟ್ರಂಪ್. 2016ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರ ಮುಂದೆ ಕುಳಿತು, ಕಾನೂನು ಪೂರ್ತಿ ತಮ್ಮ ಕಡೆಗಿದೆ, ಅಧ್ಯಕ್ಷರಿಗೆ ಹಿತಾಸಕ್ತಿ ಸಂಘರ್ಷ ಇರಲು ಸಾಧ್ಯವೇ ಇಲ್ಲ ಎಂದರು. ಜನ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ 202ನೇ ಕಲಂ ನನಗೆ ಗೊತ್ತಿತ್ತು. 2017ರ ಜನವರಿ 11ರಂದು ಮೇಜಿನ ತುಂಬ ಕಡತ ಪೇರಿಸಿಟ್ಟು ಪತ್ರಿಕಾಗೋಷ್ಠಿ ಮಾಡಿ, ವ್ಯಾಪಾರವನ್ನು ಮಕ್ಕಳು ನೋಡಿಕೊಳ್ಳುತ್ತಾರೆ ಎಂದರು. ಮಾಲೀಕತ್ವ ಬಿಡಲಿಲ್ಲ. ವ್ಯಾಪಾರವನ್ನು ಇಟ್ಟ ಟ್ರಸ್ಟಿನಿಂದ ಯಾವಾಗ ಬೇಕಾದರೂ ಅವರು ಹಣ ತೆಗೆಯಬಹುದಿತ್ತು. ಸರ್ಕಾರಿ ನೈತಿಕತಾ ಕಚೇರಿಯ ಮುಖ್ಯಸ್ಥ ವಾಲ್ಟರ್ ಶಾಬ್ ಇದು ಸಾಲದು ಎಂದು ಅಂದೇ ಬಹಿರಂಗವಾಗಿ ಹೇಳಿದರು. ಅದೇ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು.

ವಾಷಿಂಗ್ಟನ್‌ನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ, ಶ್ವೇತಭವನದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಹಳೆಯ ಅಂಚೆ ಕಚೇರಿಯ ಗಡಿಯಾರ ಗೋಪುರದ ಕಟ್ಟಡವಿದೆ. ಅದು ಸರ್ಕಾರದ ಸ್ವತ್ತು. 2013ರಲ್ಲಿ ಟ್ರಂಪ್ ಕಂಪನಿ ಅದನ್ನು 60 ವರ್ಷಗಳ ಗುತ್ತಿಗೆಗೆ ಪಡೆದು ಹೋಟೆಲು ಮಾಡಿತು. ಅಮೆರಿಕ ಸರ್ಕಾರದ ಯಾವ ಚುನಾಯಿತ ಪ್ರತಿನಿಧಿಗೂ ಈ ಗುತ್ತಿಗೆಯಲ್ಲಿ ಪಾಲಾಗಲಿ, ಅದರಿಂದ ಲಾಭವಾಗಲಿ ಇರಕೂಡದು ಎಂದು ಗುತ್ತಿಗೆ ಪತ್ರದಲ್ಲೇ ಬರೆದಿತ್ತು. 2017ರ ಜನವರಿ 20ರ ಮಧ್ಯಾಹ್ನ ಆ ಪಾಲುದಾರರು ಅಧ್ಯಕ್ಷರಾದರು. ಕಟ್ಟಡದ ಉಸ್ತುವಾರಿ ಇಲಾಖೆಯ ಮುಖ್ಯಸ್ಥರನ್ನು ನೇಮಿಸುವವರೂ ಅಧ್ಯಕ್ಷರೇ. ಬಾಡಿಗೆದಾರರೂ ಅವರೇ, ಮನೆ ಮಾಲೀಕರೂ ಅವರೇ. ಎಲ್ಲ ಸರಿಯಿದೆ ಎಂದು ಇಲಾಖೆ ಮಾರ್ಚ್‌ನಲ್ಲಿ ಷರಾ ಬರೆಯಿತು. ಎರಡು ವರ್ಷ ಕಳೆದು ಅದೇ ಇಲಾಖೆಯ ತನಿಖಾಧಿಕಾರಿ, ಸಂವಿಧಾನದ ಪ್ರಶ್ನೆ ಇದೆ ಎಂದು ಗೊತ್ತಿದ್ದೂ ಕಡೆಗಣಿಸಿದ್ದೀರಿ ಎಂದು ವರದಿ ಕೊಟ್ಟರು. ಅಷ್ಟರಲ್ಲಿ ಕುವೈತ್ ರಾಯಭಾರ ಕಚೇರಿ ತನ್ನ ರಾಷ್ಟ್ರೀಯ ದಿನದ ಔತಣವನ್ನು ಬೇರೆ ಹೋಟೆಲಿನಿಂದ ಇಲ್ಲಿಗೆ ಬದಲಾಯಿಸಿತ್ತು, ಸೌದಿ ಪರ ಲಾಬಿಯವರು ಕೋಣೆಗಳಿಗಾಗಿ ಲಕ್ಷಗಟ್ಟಲೆ ಡಾಲರ್ ಸುರಿದಿದ್ದರು. ಮೊದಲ ಅವಧಿಯಲ್ಲಿ ಕನಿಷ್ಠ 20 ದೇಶಗಳಿಂದ ಕನಿಷ್ಠ 78 ಲಕ್ಷ ಡಾಲರ್ ಟ್ರಂಪ್ ಸ್ವತ್ತುಗಳಿಗೆ ಬಂದಿದೆ ಎಂದು ಪ್ರತಿನಿಧಿ ಸಭೆಯ ಡೆಮಾಕ್ರಟಿಕ್ ಸದಸ್ಯರು 2024ರ ಜನವರಿಯಲ್ಲಿ ಲೆಕ್ಕ ಕೊಟ್ಟರು; ಅದೂ ಕೈಗೆ ಸಿಕ್ಕ ಅರೆಬರೆ ಪುಸ್ತಕಗಳಿಂದ. ನಮ್ಮ ದೇಶವೂ ಇದರಿಂದ ಹೊರಗಿಲ್ಲ. 2018ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಹಿರಿಯ ಮಗ ಗುರುಗ್ರಾಮದ ಫ್ಲ್ಯಾಟುಗಳನ್ನು ಮಾರಲು ಬಂದಾಗ, ಸುಮಾರು 25 ಲಕ್ಷ ರೂಪಾಯಿ ಮುಂಗಡ ಕಟ್ಟಿದವರಿಗೆ ಅವರೊಂದಿಗೆ ಊಟ ಎಂದು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಬಂದಿತ್ತು.

ಸಂವಿಧಾನ ಇಲ್ಲವೇ ಎನ್ನುತ್ತೀರಿ. ಇದೆ. ಕಾಂಗ್ರೆಸ್ಸಿನ ಒಪ್ಪಿಗೆ ಇಲ್ಲದೆ ವಿದೇಶಿ ರಾಜ, ರಾಜಕುಮಾರ, ಸರ್ಕಾರಗಳಿಂದ ಉಡುಗೊರೆ, ಪ್ರತಿಫಲ, ಬಿರುದು ಏನನ್ನೂ ಪಡೆಯಕೂಡದು ಎಂದು ಮೊದಲ ವಿಧಿಯಲ್ಲೇ ಇದೆ. ಫ್ರಾನ್ಸಿನ ದೊರೆ ಬೆಂಜಮಿನ್ ಫ್ರಾಂಕ್ಲಿನ್‌ಗೆ ವಜ್ರ ಕೂಡಿಸಿದ ನಶ್ಯದ ಡಬ್ಬಿ ಕೊಟ್ಟ ಪ್ರಸಂಗ ಅದನ್ನು ಬರೆದವರ ಕಣ್ಣ ಮುಂದಿತ್ತು. 1840ರಲ್ಲಿ ಮಸ್ಕತ್‌ನ ಇಮಾಮರು ಅರಬ್ಬಿ ಕುದುರೆ, ಮುತ್ತು ಕಳುಹಿಸಿದಾಗ ವ್ಯಾನ್ ಬ್ಯೂರೆನ್ ಕಾಂಗ್ರೆಸ್ಸನ್ನು ಕೇಳಿದರು, ಕಾಂಗ್ರೆಸ್ ಮಾರಿಸಿ ಹಣವನ್ನು ಖಜಾನೆಗೆ ಹಾಕಿಸಿತು. 2023ರ ಜೂನ್‌ನಲ್ಲಿ ಮೋದಿಯವರು ಬೈಡನ್ ಅವರಿಗೆ ಕೊಟ್ಟ ಕೆತ್ತನೆಯ ಪೆಟ್ಟಿಗೆಯ ಗಂಧ ನಮ್ಮ ಮೈಸೂರಿನದು. ಜಿಲ್ ಬೈಡನ್ ಅವರಿಗೆ ಕೊಟ್ಟ ಏಳೂವರೆ ಕ್ಯಾರೆಟ್ ವಜ್ರಕ್ಕೆ ಅಮೆರಿಕದವರು ಕಟ್ಟಿದ ಬೆಲೆ 20,000 ಡಾಲರ್. ಆಗ 480 ಡಾಲರ್ ಮೀರಿದ ಇಂಥ ಯಾವುದನ್ನೂ ಬೆಲೆ ತೆರದೆ ಮನೆಗೆ ಒಯ್ಯುವಂತಿರಲಿಲ್ಲ. ಗಂಧದ ಪೆಟ್ಟಿಗೆಗೆ ಇಷ್ಟು ಬಿಗಿ. ಹೋಟೆಲಿನ ಬಿಲ್ಲಿಗೆ?

ನ್ಯಾಯಾಲಯಕ್ಕೆ ಮೂರು ದೊಡ್ಡ ಮೊಕದ್ದಮೆಗಳು ಹೋದವು. ಮೇರಿಲ್ಯಾಂಡ್ ರಾಜ್ಯ ಮತ್ತು ವಾಷಿಂಗ್ಟನ್ ಜಿಲ್ಲೆಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಪೀಟರ್ ಮೆಸಿಟ್, ವ್ಯಾಪಾರದ ಲಾಭವೂ ಈ ವಿಧಿಯ ಕೆಳಗೆ ಬರುತ್ತದೆ ಎಂದು 2018ರಲ್ಲಿ ಹೇಳಿದರು. ಇನ್ನೂರಕ್ಕೂ ಹೆಚ್ಚು ಸಂಸದರು ಹೂಡಿದ ಇನ್ನೊಂದು ಮೊಕದ್ದಮೆಯನ್ನು, ನಿಮಗೆ ದಾವೆ ಹೂಡುವ ಹಕ್ಕೇ ಇಲ್ಲ ಎಂದು ಮೇಲ್ಮನವಿ ನ್ಯಾಯಾಲಯ ತಳ್ಳಿತು. ಎಳೆದೂ ಎಳೆದೂ ಅಧ್ಯಕ್ಷರ ಅವಧಿಯೇ ಮುಗಿಯಿತು. 2021ರ ಜನವರಿ 25ರಂದು ಸುಪ್ರೀಂ ಕೋರ್ಟ್ ಉಳಿದವನ್ನು ಅಪ್ರಸ್ತುತ ಎಂದು ಮುಗಿಸಿ, ಕೆಳಗಿನ ತೀರ್ಪುಗಳನ್ನೂ ಅಳಿಸಿತು. 230 ವರ್ಷಕ್ಕೂ ಹಳೆಯ ವಿಧಿಗೆ ಅರ್ಥವೇನು ಎಂಬುದು ಈಗಲೂ ಬಾಕಿ ಇದೆ.

ಇನ್ನು ನನ್ನ ಬರ್ಫಿಯ ಕಥೆ. ಕಳೆದ ದೀಪಾವಳಿಗೆ ಉಪಕರಣ ಮಾರುವ ಕಂಪನಿಯ ಪ್ರತಿನಿಧಿಯೊಬ್ಬರು ಗೋಡಂಬಿ ಬರ್ಫಿಯ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನಾವು ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದ ವರ್ಷಕ್ಕೆ 50 ಡಾಲರ್ ಮೀರಿ ಪಡೆಯುವಂತಿಲ್ಲ. ಬೆಲೆಯ ಚೀಟಿಯನ್ನು ಅವರು ಮರ್ಯಾದೆಗೆಂದು ಕಿತ್ತಿದ್ದರು, ಆದರೆ ಅರ್ಧ ಉಳಿದಿತ್ತು: 2 ಎಂಬ ಅಂಕೆ, ಅದರ ಪಕ್ಕದ್ದು ಹರಿದುಹೋಗಿತ್ತು. 20 ಇರಬಹುದು, 29 ಇರಬಹುದು. ಡಬ್ಬಿಯನ್ನು ಎತ್ತಿಕೊಂಡು ನೈತಿಕತಾ ಅಧಿಕಾರಿಯ ಬಳಿ ಹೋದೆ. ಆತ ಅಂಗಡಿಯ ಜಾಲತಾಣ ತೆರೆದು, ಡಬ್ಬಿಯನ್ನು ತಿರುಗಿಸಿ ತೂಕ ಓದಿ, 28 ಎಂದ. ಕೆಟ್ಟುಹೋಗುವ ಪದಾರ್ಥವಾದ್ದರಿಂದ ಕಚೇರಿಯಲ್ಲಿ ಹಂಚಬಹುದು ಎಂದು ಬರೆದುಕೊಟ್ಟ. ಊಟದ ಕೋಣೆಯಲ್ಲಿಟ್ಟೆವು. ನಾನು ಒಂದು ತುಂಡನ್ನೂ ಮುಟ್ಟಲಿಲ್ಲ. ಅದೇ ಉಡುಗೊರೆ ನಿಯಮಾವಳಿಯಲ್ಲಿ, ತಾವಾಗಿ ಕೇಳಿ ಪಡೆಯದಿದ್ದರೆ ಸಾಕು ಎಂಬ ವಿನಾಯಿತಿ ಅಧ್ಯಕ್ಷ, ಉಪಾಧ್ಯಕ್ಷರಿಗಿದೆ. 2025ರ ಮೇ ತಿಂಗಳಲ್ಲಿ ಕತಾರ್ ಸರ್ಕಾರದಿಂದ ಸುಮಾರು 40 ಕೋಟಿ ಡಾಲರ್ ಬೆಲೆಯ ಬೋಯಿಂಗ್ 747 ವಿಮಾನ ಬಂತು. ಕಾಗದದ ಮೇಲೆ ಅದು ರಕ್ಷಣಾ ಇಲಾಖೆಗೆ; ಮುಂದೆ ತಮ್ಮ ಅಧ್ಯಕ್ಷೀಯ ಗ್ರಂಥಾಲಯಕ್ಕೆ ಹೋಗುತ್ತದೆ ಎಂದು ಟ್ರಂಪ್ ಅವರೇ ಹೇಳಿದರು. ಕಾಂಗ್ರೆಸ್ಸಿನ ಒಪ್ಪಿಗೆಯ ಮತ ನಡೆಯಲೇ ಇಲ್ಲ. ನನಗೆ ಚೀಟಿಯ ಹರಿದ ಅಂಕೆ, ಅವರಿಗೆ ವಿಮಾನ.

ಹೋಟೆಲಿನ ಕಾಲದಲ್ಲಿ ಹಣ ಕೊಡಲು ಕೋಣೆಯನ್ನಾದರೂ ಹಿಡಿಯಬೇಕಿತ್ತು. ಈಗ ಅದೂ ಬೇಡ. ಎರಡನೇ ಪ್ರಮಾಣವಚನಕ್ಕೆ ಮೂರು ದಿನ ಮೊದಲು, 2025ರ ಜನವರಿ 17ರಂದು, ಟ್ರಂಪ್ ಹೆಸರಿನ ಕ್ರಿಪ್ಟೊ ನಾಣ್ಯ ಮಾರುಕಟ್ಟೆಗೆ ಬಂತು; ಅದರ ಶೇ 80ರಷ್ಟು ಅವರಿಗೆ ಸಂಬಂಧಿಸಿದ ಕಂಪನಿಗಳ ಕೈಯಲ್ಲಿ. ಜಗತ್ತಿನ ಯಾರು ಬೇಕಾದರೂ ಫೋನಿನಲ್ಲೇ ಕೊಳ್ಳಬಹುದು. ಹೆಚ್ಚು ಕೊಂಡ 220 ಮಂದಿಗೆ ಮೇ 22ರಂದು ಅಧ್ಯಕ್ಷರ ಜೊತೆ ಅವರದೇ ಗಾಲ್ಫ್ ಕ್ಲಬ್ಬಿನಲ್ಲಿ ಭೋಜನ. ಅವರ ಕುಟುಂಬದ ಇನ್ನೊಂದು ಕ್ರಿಪ್ಟೊ ಕಂಪನಿಯ, ಡಾಲರಿಗೆ ಸಮನಾಗಿ ನಿಲ್ಲುವ ನಾಣ್ಯವನ್ನು ಬಳಸಿಯೇ ಅಬುಧಾಬಿ ಸರ್ಕಾರದ ಬೆಂಬಲದ ಸಂಸ್ಥೆಯೊಂದು ಕ್ರಿಪ್ಟೊ ವಿನಿಮಯ ಕೇಂದ್ರವಾದ ಬೈನಾನ್ಸ್‌ನಲ್ಲಿ 200 ಕೋಟಿ ಡಾಲರ್ ಹೂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೈನಾನ್ಸ್ ಸಂಸ್ಥಾಪಕರಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಕೊಡು-ಕೊಳ್ಳು ನಡೆಯಿತೆಂದು ನಾನು ಹೇಳುತ್ತಿಲ್ಲ. ನಡೆದಿಲ್ಲವೆಂದು ಹೇಳಲು ಯಾರ ಬಳಿಯೂ ದಾರಿಯಿಲ್ಲ, ಅಷ್ಟೇ. ಆ ದಾರಿಯನ್ನು ಉಳಿಸಿಕೊಳ್ಳಲೆಂದೇ ನನ್ನಂಥವರ ಷೇರು ಮಾರಿಸುತ್ತಾರೆ.

ಸಂವಿಧಾನ ಪಂಡಿತರು ಇಲ್ಲಿ ಕೈ ಎತ್ತುತ್ತಾರೆ. ಕಾಂಗ್ರೆಸ್ ಇಂಥ ಕಾನೂನು ಮಾಡಬಹುದೇ, ಅಧಿಕಾರ ವಿಭಜನೆ ಏನಾಗುತ್ತದೆ, ಜಾರಿ ಮಾಡುವವರು ಯಾರು? ಇವರ ಮಾತು ಕೇಳುತ್ತಾ ಕುಳಿತರೆ ಕೂದಲು ಸೀಳುವುದರಲ್ಲೇ ಇನ್ನೂ ನಾಲ್ಕು ಅಧ್ಯಕ್ಷರು ಶ್ರೀಮಂತರಾಗಿ ಮನೆಗೆ ಹೋಗುತ್ತಾರೆ. ಅಧ್ಯಕ್ಷರು ಆಸ್ತಿಯ ವಿವರ ಪ್ರಕಟಿಸಬೇಕೆಂದು 1978ರಲ್ಲಿ ಕಾನೂನು ಮಾಡಿದವರು ಇದೇ ಕಾಂಗ್ರೆಸ್ಸಿನವರಲ್ಲವೇ? ಆಗ ಆಕಾಶ ಬೀಳಲಿಲ್ಲ.

ಒತ್ತಾಯದ ಮಾರಾಟದಿಂದ ನಷ್ಟ ಎನ್ನುವವರಿಗೂ ಉತ್ತರವಿದೆ. 2006ರಲ್ಲಿ ಹೆನ್ರಿ ಪಾಲ್ಸನ್ ಹಣಕಾಸು ಕಾರ್ಯದರ್ಶಿಯಾದಾಗ ಸುಮಾರು 50 ಕೋಟಿ ಡಾಲರ್ ಮೌಲ್ಯದ ಗೋಲ್ಡ್‌ಮನ್ ಸ್ಯಾಕ್ಸ್ ಷೇರುಗಳನ್ನು ಮಾರಬೇಕಾಯಿತು. ಹಾಗೆ ಮಾರುವವರು ಬಂದ ಹಣವನ್ನು ಸರ್ಕಾರಿ ಬಾಂಡಿಗೋ ಹಲವು ಕಂಪನಿಗಳಲ್ಲಿ ಹಂಚಿ ಹೂಡುವ ನಿಧಿಗೋ ಹಾಕಿದರೆ ಲಾಭದ ತೆರಿಗೆಯನ್ನು ಮುಂದಕ್ಕೆ ಹಾಕಲು ಕಾನೂನೇ ಅವಕಾಶ ಕೊಡುತ್ತದೆ. ಎರಡು ವರ್ಷಗಳ ನಂತರ ವಾಲ್‌ಸ್ಟ್ರೀಟ್ ಕುಸಿದಾಗ, ಯಾವ ಬ್ಯಾಂಕನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಇದ್ದವರು ಇದೇ ಪಾಲ್ಸನ್. ಗೋಲ್ಡ್‌ಮನ್ ಬಗ್ಗೆ ಆಗ ಅವರ ಮೇಲೆ ನೂರು ಆರೋಪ ಬಂದವು. ಜೇಬಿನಲ್ಲಿ ಅದರ ಷೇರು ಇಟ್ಟುಕೊಂಡಿದ್ದಾರೆ ಎಂಬ ಒಂದು ಆರೋಪ ಮಾತ್ರ ಬರಲು ಸಾಧ್ಯವಿರಲಿಲ್ಲ.

ವಿರೋಧ: ಕಡಲೆಕಾಯಿ ಗೋದಾಮಿನ ಪಾಡು ನೋಡಿ

ಈ ಕಡೆಯಿಂದ ಬರೆಯುವವರು ಸಿಗುತ್ತಿಲ್ಲ, ನೀವು ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಜಾರ್ಜಿಯಾದಲ್ಲಿ ಲೆಕ್ಕ ಪರಿಶೋಧನೆ ಮಾಡಿ ನಿವೃತ್ತನಾದವನು ನಾನು. ಹಿತಾಸಕ್ತಿ ಸಂಘರ್ಷ ಒಳ್ಳೆಯದು ಎಂದು ಯಾವ ಲೆಕ್ಕಿಗನೂ ಹೇಳಲಾರ. ಈಗ ನಡೆಯುತ್ತಿರುವುದು ನನಗೂ ಹಿಡಿಸುವುದಿಲ್ಲ. ಆದರೆ ಪ್ರಶ್ನೆ ಇರುವುದು ಕಡ್ಡಾಯ ಮಾರಾಟದ ಕಾನೂನಿನ ಬಗ್ಗೆ, ಅದರ ವಿರುದ್ಧ ಹೇಳಬೇಕಾದದ್ದು ಇದೆ.

ಮೊದಲನೆಯದು ಸಂವಿಧಾನ. ಅಧ್ಯಕ್ಷರಾಗಲು ಅದು ಕೇಳುವುದು ಮೂರೇ: 35 ವರ್ಷ ತುಂಬಿರಬೇಕು, ಹುಟ್ಟಿನಿಂದ ನಾಗರಿಕರಾಗಿರಬೇಕು, 14 ವರ್ಷ ದೇಶದಲ್ಲಿ ವಾಸವಿರಬೇಕು. ನಾಲ್ಕನೆಯದನ್ನು ಕಾಂಗ್ರೆಸ್ ಸೇರಿಸಬಹುದೇ? ಸದಸ್ಯತ್ವದ ಅರ್ಹತೆಗಳಿಗೆ ಸಂವಿಧಾನದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲಿ ಪ್ರತಿನಿಧಿ ಸಭೆಗೂ 1995ರಲ್ಲಿ ರಾಜ್ಯಗಳಿಗೂ ಹೇಳಿದೆ. ಎರಡೂ ಸಂಸದರ ವಿಷಯದಲ್ಲಿ ಬಂದ ತೀರ್ಪುಗಳು, ಆದರೆ ತರ್ಕ ಇಲ್ಲಿಗೂ ಸಲ್ಲುತ್ತದೆ. ಅಂಗಡಿ ಮುಚ್ಚಿದವನು ಮಾತ್ರ ಅಧ್ಯಕ್ಷನಾಗಬಹುದು ಎಂದರೆ ಅದು ಅರ್ಹತೆಯಲ್ಲದೆ ಮತ್ತೇನು? ತಿದ್ದುಪಡಿ ಮಾಡಬಹುದು, ಅದಕ್ಕೆ 38 ರಾಜ್ಯಗಳು ಒಪ್ಪಬೇಕು. ಇವತ್ತಿನ ಅಮೆರಿಕದಲ್ಲಿ 38 ರಾಜ್ಯಗಳು ಯಾವುದಕ್ಕೆ ಒಪ್ಪುತ್ತವೆ ಹೇಳಿ.

ಎರಡನೆಯದು ಜಾರಿ. ಕಾನೂನು ಮುರಿದ ಅಧ್ಯಕ್ಷರನ್ನು ಹಿಡಿಯುವವರು ಯಾರು? ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಆರೋಪಪಟ್ಟಿ ಹಾಕಲಾಗದು ಎಂದು ನ್ಯಾಯ ಇಲಾಖೆ 1973ರಲ್ಲೂ 2000ದಲ್ಲೂ ಬರೆದಿಟ್ಟಿದೆ. ಉಳಿಯುವುದು ಮಹಾಭಿಯೋಗ, ಅದು ಈಗಲೂ ಇದೆ. ಇನ್ನು ಜಾರ್ಜ್ ವಾಷಿಂಗ್ಟನ್ ಅವರನ್ನೇ ನೋಡಿ. ಅಧ್ಯಕ್ಷರಾಗಿದ್ದಾಗಲೂ ಮೌಂಟ್ ವರ್ನನ್ ಜಮೀನು ನಡೆಸಿದರು, 1793ರಲ್ಲಿ ಹೊಸ ರಾಜಧಾನಿಯ ನಿವೇಶನಗಳನ್ನು ಸರ್ಕಾರಿ ಹರಾಜಿನಲ್ಲಿ ಕೊಂಡರು. ಫ್ರಾನ್ಸಿನ ರಾಯಭಾರಿ ತಮ್ಮ ದೊರೆಯ ಭಾವಚಿತ್ರ ಕೊಟ್ಟಾಗ ಕಾಂಗ್ರೆಸ್ಸನ್ನು ಕೇಳದೆಯೇ ಇಟ್ಟುಕೊಂಡರು. ಸಂವಿಧಾನ ರಚನಾ ಸಭೆಯ ಅಧ್ಯಕ್ಷತೆ ವಹಿಸಿದ್ದವರೇ ಅವರು. ಎಲ್ಲವನ್ನೂ ಮಾರಿ ಸನ್ಯಾಸಿಯಾಗಿ ಬನ್ನಿ ಎನ್ನುವ ಇಂದಿನ ಶುದ್ಧಾಚಾರಿಗಳ ಮುಂದೆ ಅವರೂ ಅನರ್ಹರು.

ಮೂರನೆಯದೇ ನನಗೆ ಮುಖ್ಯ, ಏಕೆಂದರೆ ಅದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಮಾವನವರು ಚಳ್ಳಕೆರೆಯವರು. ಶೇಂಗಾ ಮಂಡಿ ಇಟ್ಟು ಬದುಕಿದವರು. ನಮ್ಮನ್ನು ನೋಡಲು ಬಂದವರಿಗೆ ಅಟ್ಲಾಂಟಾದ ಗಾಜಿನ ಕಟ್ಟಡಗಳು ರುಚಿಸಲಿಲ್ಲ. ಅಧ್ಯಕ್ಷರಾಗಿದ್ದ ಶೇಂಗಾ ವ್ಯಾಪಾರಿಯ ಊರಿದೆ ಎಂದಾಗ ಮಾತ್ರ ಎದ್ದು ಕುಳಿತರು. ದಕ್ಷಿಣಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ ಪ್ಲೇನ್ಸ್. ರೈಲುಹಳಿ, ಅದರ ಪಕ್ಕ 1976ರಲ್ಲಿ ಪ್ರಚಾರ ಕಚೇರಿಯಾಗಿದ್ದ ಪುಟ್ಟ ನಿಲ್ದಾಣ, ಒಂದು ಸಾಲು ಅಂಗಡಿ, ಆಚೆ ತಗಡಿನ ದೊಡ್ಡ ಗೋದಾಮುಗಳು. ಕೊಯ್ಲಿನ ಕಾಲ, ಊರಿಗೆ ಊರೇ ಹಸಿ ಮಣ್ಣು ಮತ್ತು ಕಾಯಿ ಸಿಪ್ಪೆಯ ವಾಸನೆ. ಮಾವನವರು ಗೋದಾಮಿನ ಬೇಲಿಯ ಹತ್ತಿರ ಬಿದ್ದಿದ್ದ ಕಾಯೊಂದನ್ನು ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದರು. ಆಮೇಲೆ ಹೆಬ್ಬೆರಳಿನಿಂದ ಒಡೆದು, ಬೀಜದ ಕೆಂಪು ಸಿಪ್ಪೆಯನ್ನು ಉಜ್ಜಿ ನೋಡಿ, ಒಣಗು ಸಾಲದು ಎಂದರು. ಪಕ್ಕದ ಅಂಗಡಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಮುದುಕ ಟನ್ನಿನ ದರ ಹೇಳಿದ, ನಾನು ಕ್ವಿಂಟಾಲಿಗೆ ಲೆಕ್ಕ ಹಾಕಿ ಹೇಳಿದೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಕಾರ್ಟರ್ ಅವರ ತಾಯಿ ಲಿಲಿಯನ್ ತಮ್ಮ 68ನೇ ವಯಸ್ಸಿನಲ್ಲಿ ಮುಂಬೈ ಬಳಿಯ ವಿಕ್ರೋಲಿಗೆ ಸ್ವಯಂಸೇವಕಿಯಾಗಿ ಹೋಗಿ ನರ್ಸ್ ಕೆಲಸ ಮಾಡಿದ್ದರು ಎಂದೆ. ಮಾವನವರಿಗೆ ಅದು ಬೇಕಿರಲಿಲ್ಲ. ವ್ಯಾಪಾರ ಏನಾಯಿತು ಎಂದು ಕೇಳಿದರು.

ಹೇಳಿದೆ. 1977ರಲ್ಲಿ ಅಧ್ಯಕ್ಷರಾದಾಗ ಕಾರ್ಟರ್ ತಮ್ಮ ಪಾಲನ್ನು ಟ್ರಸ್ಟಿಗೆ ಹಾಕಿ ಅಟ್ಲಾಂಟಾದ ವಕೀಲ ಚಾರ್ಲ್ಸ್ ಕಿರ್ಬೋ ಅವರಿಗೆ ವಹಿಸಿದರು. 1981ರಲ್ಲಿ ಮರಳಿ ಬಂದಾಗ ವ್ಯಾಪಾರದ ತಲೆಯ ಮೇಲೆ ಸುಮಾರು 10 ಲಕ್ಷ ಡಾಲರ್ ಸಾಲ. ಬರ ಬೇರೆ ಬಿದ್ದಿತ್ತು. ಗೋದಾಮನ್ನು ಮಾರಿದರು, ಪುಸ್ತಕ ಬರೆದು ಸಂಪಾದಿಸಿದರು.

ಮಾವನವರು ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟರು. ‘ಶೇಂಗಾ ವ್ಯಾಪಾರವನ್ನು ವಕೀಲರ ಕೈಗೆ ಕೊಟ್ಟರೇ ಅಳಿಯಂದಿರೇ?’

‘ಪ್ರಾಮಾಣಿಕರು, ಅದಕ್ಕೇ ಕೊಟ್ಟರು ಮಾವ.’

‘ಪ್ರಾಮಾಣಿಕರು ಎಂಬುದು ಸರಿ. ಸುಗ್ಗಿಯಲ್ಲಿ ಮಾಲೀಕ ಕಾಟಾದ ಪಕ್ಕ ಇರಬೇಕು. ದೇಶಕ್ಕೆ ಬೇಕಾದರೆ ಮಂತ್ರಿಗಳಿದ್ದಾರೆ, ಕಾಟಾದ ಪಕ್ಕ ಯಾರಿದ್ದಾರೆ?’

ಅಟ್ಲಾಂಟಾ ತಲುಪುವವರೆಗೂ ಅವರು ಅದನ್ನೇ ಹೇಳುತ್ತಿದ್ದರು. ಇದು ನಗುವ ಮಾತಲ್ಲ. ಷೇರನ್ನು ಬೆಳಿಗ್ಗೆ ಮಾರಿ ಸಂಜೆ ಬಾಂಡು ಕೊಳ್ಳಬಹುದು; ಗೋದಾಮು, ಹೊಲ, ಕಾರ್ಖಾನೆ ಹಾಗಲ್ಲ. ಕಡ್ಡಾಯ ಮಾರಾಟದ ಕಾನೂನು ಬಂದರೆ ಅಧ್ಯಕ್ಷರಾಗಲು ಉಳಿಯುವವರು ಇಬ್ಬರೇ: ಏನೂ ಇಲ್ಲದವರು ಮತ್ತು ಎಲ್ಲವನ್ನೂ ಷೇರಿನಲ್ಲಿ ಇಟ್ಟವರು. ವಕೀಲರು, ಹಣಕಾಸಿನವರು ಬರುತ್ತಾರೆ. ಕೈಯಿಂದ ವ್ಯಾಪಾರ ಕಟ್ಟಿದವರು ಬರುವುದಿಲ್ಲ. ಟ್ರಸ್ಟಿಗೆ ಹಾಕಿದ್ದರಿಂದ ಕಾರ್ಟರ್ ಅವರಿಗೆ ಮರ್ಯಾದೆಯಾದರೂ ಉಳಿಯಿತೇ? ಗೋದಾಮಿನ ಬ್ಯಾಂಕ್ ಸಾಲದ ಹಣ ಚುನಾವಣೆಗೆ ಹೋಯಿತೇ ಎಂದು 1979ರಲ್ಲಿ ವಿಶೇಷ ವಕೀಲ ಪಾಲ್ ಕರನ್ ತಿಂಗಳುಗಟ್ಟಲೆ ತನಿಖೆ ಮಾಡಿದರು. ಏನೂ ಸಿಗಲಿಲ್ಲ. ಸುದ್ದಿಯಾದದ್ದು ತನಿಖೆ, ಏನೂ ಸಿಗಲಿಲ್ಲ ಎಂಬುದಲ್ಲ.

ಇನ್ನು ದೊಡ್ಡ ಆಸ್ತಿಯವರ ವಿಷಯ. ಟ್ರಂಪ್ ಅವರ ವಕೀಲೆ ಶೆರಿ ಡಿಲನ್ 2017ರಲ್ಲಿ ಕೇಳಿದ ಪ್ರಶ್ನೆಯನ್ನು ಎಲ್ಲರೂ ಗೇಲಿ ಮಾಡಿದರು, ಉತ್ತರ ಕೊಟ್ಟವರು ಕಡಿಮೆ. ಅಧ್ಯಕ್ಷರು ಅವಸರದಲ್ಲಿ ಕಟ್ಟಡ ಮಾರಲು ನಿಂತರೆ ಕೊಳ್ಳುವವರು ಯಾರು? ಬೆಲೆಗಿಂತ ಹೆಚ್ಚು ಕೊಟ್ಟು ಋಣದಲ್ಲಿ ಕೆಡವಲು ಬಯಸುವ ಯಾವುದೋ ವಿದೇಶಿ ನಿಧಿಯೂ ಇರಬಹುದು. ಸಂಘರ್ಷ ತಪ್ಪಿಸಲು ಮಾಡಿದ ಮಾರಾಟವೇ ಜೀವಮಾನದ ದೊಡ್ಡ ಸಂಘರ್ಷವಾಗುತ್ತದೆ. ಟ್ರಸ್ಟೂ ಅಷ್ಟೇ: ಜಾನ್ಸನ್ ತಮ್ಮ ಟ್ರಸ್ಟಿಗಳೊಂದಿಗೆ ಮಾತುಕತೆ ನಿಲ್ಲಿಸಿರಲಿಲ್ಲ ಎಂದು ಅವರ ಚರಿತ್ರಕಾರರು ಬರೆದಿದ್ದಾರೆ.

ಬಂಧುಬಳಗವನ್ನು ಯಾವ ಕಾನೂನು ಕಟ್ಟಿಹಾಕುತ್ತದೆ? ಕಾರ್ಟರ್ ಎಲ್ಲವನ್ನೂ ಬಿಟ್ಟುಕೊಟ್ಟಿದ್ದರು, ಅವರ ತಮ್ಮ ಬಿಲ್ಲಿ ಲಿಬಿಯಾದಿಂದ 2,20,000 ಡಾಲರ್ ಪಡೆದು ಅಣ್ಣನ ಮಾನ ಕಳೆದರು. ಬೈಡನ್ ಅವರಿಗೆ ಹೋಟೆಲುಗಳಿರಲಿಲ್ಲ, ಮಗ ಹಂಟರ್ ಉಕ್ರೇನಿನ ಅನಿಲ ಕಂಪನಿಯ ಮಂಡಳಿಯಲ್ಲಿ ಕುಳಿತಿದ್ದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ತಂದೆಯೇ ಮಗನಿಗೆ ಕ್ಷಮಾದಾನ ಕೊಟ್ಟರು. ಟ್ರಂಪ್ ಅಳಿಯ ಜ್ಯಾರೆಡ್ ಕುಶ್ನರ್ ಅವರ ನಿಧಿಗೆ ಸೌದಿ ಸರ್ಕಾರದ ನಿಧಿಯಿಂದ 200 ಕೋಟಿ ಡಾಲರ್ ಬಂದದ್ದು ಅವರು ಶ್ವೇತಭವನ ಬಿಟ್ಟ ಮೇಲೆ. ಮಾರಾಟದ ಕಾನೂನು ಈ ಮೂವರಲ್ಲಿ ಒಬ್ಬರನ್ನೂ ಮುಟ್ಟುವುದಿಲ್ಲ.

ಕ್ರಿಪ್ಟೊ ನಾಣ್ಯದ ವಿಷಯವನ್ನು ಎದುರಿನವರು ಖಂಡಿತ ಎತ್ತುತ್ತಾರೆ. ಅದು ಹೊಸ ಪ್ರಾಣಿ, ಅದಕ್ಕೆ ಬೇರೆ ಕಾನೂನು ಬೇಕಾದರೆ ಮಾಡಿಕೊಳ್ಳಲಿ. 2024ರಲ್ಲಿ ಸುಮಾರು 7.7 ಕೋಟಿ ಜನ ಟ್ರಂಪ್ ಅವರಿಗೆ ಮತ ಹಾಕಿದರು. ಅವರ ಹೆಸರು ಕಟ್ಟಡಗಳ ಮೇಲೆ ಚಿನ್ನದ ಅಕ್ಷರದಲ್ಲಿರುವುದು ಇವರಲ್ಲಿ ಯಾರಿಗೆ ಗೊತ್ತಿರಲಿಲ್ಲ?

ನನ್ನನ್ನು ಕೇಳಿದರೆ, ಮಾರಿಸುವುದಕ್ಕಿಂತ ಲೆಕ್ಕ ತೋರಿಸುವುದನ್ನು ಬಿಗಿ ಮಾಡಬೇಕು. ಈಗಿನ ಆಸ್ತಿ ವಿವರದ ಫಾರಂನಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂಬ ಅಂದಾಜಿನ ಪಟ್ಟಿಗಳಿವೆ, ಗಿರಾಕಿಗಳು ಯಾರೆಂಬುದು ಇಲ್ಲ. ವಿದೇಶಿ ಸರ್ಕಾರಗಳಿಂದ ಬಂದ ಪ್ರತಿ ಪಾವತಿಯ ಪಟ್ಟಿ ಮೂರು ತಿಂಗಳಿಗೊಮ್ಮೆ ಕಾಂಗ್ರೆಸ್ಸಿನ ಮೇಜಿಗೆ ಹೋಗಲಿ. ಅಧ್ಯಕ್ಷರ ತೆರಿಗೆ ಲೆಕ್ಕವನ್ನು ತಪ್ಪದೆ ಪರಿಶೋಧಿಸಬೇಕು ಎಂಬ ನಿಯಮವನ್ನು ತೆರಿಗೆ ಇಲಾಖೆ 1977ರಲ್ಲೇ ಮಾಡಿಕೊಂಡಿತ್ತು, ಅದು ಬರೀ ಇಲಾಖೆಯ ಕೈಪಿಡಿಯ ನಿಯಮ. ಟ್ರಂಪ್ ಅವರ ಮೊದಲ ಎರಡು ವರ್ಷ ಅದೂ ನಡೆದಿರಲಿಲ್ಲ ಎಂದು ಪ್ರತಿನಿಧಿ ಸಭೆಯ ಸಮಿತಿ 2022ರ ಡಿಸೆಂಬರ್‌ನಲ್ಲಿ ಪತ್ತೆ ಮಾಡಿತು. ಅದನ್ನು ಕಾನೂನು ಮಾಡುವ ಮಸೂದೆ ಅದೇ ತಿಂಗಳು ಪ್ರತಿನಿಧಿ ಸಭೆಯಲ್ಲಿ ಪಾಸಾಯಿತು, ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ.